ಊದಿನಕಡ್ಡಿಗೆ ಹೆದರಿದ ಪೆಟ್ಟಿಗೆ

ನಮ್ಮ ಶಾಲೆಯ ನೋಟಿಸ್ ಬೋರ್ಡಿನ ಮೇಲೆ ನಾಲ್ಕು ವರ್ಷದಿಂದ ಒಂದು ಪೇಪರ್ ಕಟಿಂಗ್ ಇದೆ. ಅಂಟಿಸಿದವನು ನಾನೇ. 2021ರ ಜನವರಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಮಾಸ್ಕ್ ಕಟ್ಟಿಕೊಂಡು ವಾಪಸ್ ಬಂದಾಗ, ಹೆದರಿದ ಹುಡುಗರಿಗೆ ಸ್ವಲ್ಪ ಧೈರ್ಯ ಬರಲಿ ಅಂತ ಅಂಟಿಸಿದ್ದು. ಗಾಳಿಯಲ್ಲಿರುವ ಕೊರೊನಾವನ್ನು ಬೆಳಕು ಕಣ್ಣು ಮಿಟುಕಿಸುವುದರೊಳಗೆ ಹಿಡಿದುಕೊಡುತ್ತದೆ ಎನ್ನುವ ಅರ್ಥದ ತಲೆಬರಹ, ಕೆಳಗೆ ಗಾಜಿನ ಮೇಲೆ ಹಸಿರು ಬೆಳಕು ಬಿದ್ದ ಚಿತ್ರ, ಅದರ ಕೆಳಗೆ ಆರು ಸಾಲು. ಪ್ರಾರ್ಥನೆ ಮುಗಿದ ಮೇಲೆ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದೆ ಕೂಡ. ವಿಜ್ಞಾನದ ಮಾಸ್ತರ ಅಲ್ಲವೇ, ಹುರುಪು.

ಆ ಆರು ಸಾಲನ್ನು ಮತ್ತೆ ಬಿಡಿಸಿ ಓದುವ ಪ್ರಸಂಗ ಬಂದದ್ದು ಒಬ್ಬ ಮಾರಾಟದ ಹುಡುಗನಿಂದ. 2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಇದೆ ಅಂತ ಸುದ್ದಿ ಬಂತಲ್ಲ, ಟಿವಿಯವರು ಮತ್ತೆ ಲಾಕ್‌ಡೌನ್ ಆಗುತ್ತದೋ ಅಂತ ಕೇಳತೊಡಗಿದರಲ್ಲ, ಆ ವಾರದಲ್ಲೇ ಶಿರಹಟ್ಟಿ ತಾಲ್ಲೂಕಿನ ನಮ್ಮ ಹಳ್ಳಿಯವರೆಗೂ ಆತ ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು ಬಂದ. ಹೆಡ್ ಮಾಸ್ತರ ಟೇಬಲ್ ಮೇಲೆ ಬಿಳೀ ಡಬ್ಬಿ ಇಟ್ಟ. ಟಿಫಿನ್ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡದು.

"ಆಪ್ಟಿಕಲ್ ಸೆನ್ಸರ್ ಐತ್ರಿ ಸರ. ಕ್ಲಾಸಿನ್ಯಾಗ ವೈರಸ್ ಬಂತಂದ್ರ ಕೆಂಪು ಲೈಟ್ ಹತ್ತತೈತಿ. ₹38,000 ಅಷ್ಟ."

ನಮ್ಮ ಹತ್ತಿರ ಹಳೆಯ ವಿದ್ಯಾರ್ಥಿಗಳು ಮಕ್ಕಳ ಆರೋಗ್ಯಕ್ಕೆ ಅಂತ ಕೂಡಿಸಿಕೊಟ್ಟ ₹40,000 ಇತ್ತು. ಇದು ಆ ಹುಡುಗನಿಗೆ ಹೇಗೆ ಗೊತ್ತಾಯಿತೋ, ಊರಿನ ಗಾಳಿಗೂ ಕಿವಿ ಇರುತ್ತದೆ. ನಾನು ಅನುಮಾನದಿಂದ ನೋಡಿದೆ. ಆತ ನಗುತ್ತಾ ಬಾಗಿಲಾಚೆ ಕೈ ತೋರಿಸಿದ. "ನಿಮ್ಮ ಬೋರ್ಡಿನ ಮ್ಯಾಲೇ ಅಂಟಿಸೀರಲ್ರಿ ಸರ ಇದರ ಸುದ್ದಿ!"

ನನಗೆ ಬಾಯಿ ಕಟ್ಟಿತು.

ಮೊದಲು ಪೆಟ್ಟಿಗೆಯ ವಿಷಯ ಮುಗಿಸಿಬಿಡುತ್ತೇನೆ. ಹೆಡ್ ಮಾಸ್ತರ ಕೋಣೆಯ ಸರಸ್ವತಿ ಫೋಟೋದ ಮುಂದೆ ಊದಿನಕಡ್ಡಿ ಇತ್ತು. ಒಂದನ್ನು ಹಚ್ಚಿ ಡಬ್ಬಿಯ ಬಾಯಿಗೆ ಹಿಡಿದೆ. ನಾಲ್ಕೈದು ಸೆಕೆಂಡಿನಲ್ಲಿ ಕೆಂಪು ದೀಪ ಹತ್ತಿ ಕಿರ್ ಅಂತು. ಒಳಗಿದ್ದದ್ದು ಧೂಳು ಎಣಿಸುವ ಸೆನ್ಸರ್. ಸಣ್ಣ ಫ್ಯಾನ್ ಗಾಳಿ ಎಳೆಯುತ್ತದೆ, ಲೇಸರ್ ಅದರ ಮೇಲೆ ಬೀಳುತ್ತದೆ, ಕಣಕ್ಕೆ ತಾಗಿ ಚದುರಿದ ಬೆಳಕನ್ನು ಇನ್ನೊಂದು ಕಣ್ಣು ನೋಡುತ್ತದೆ. ಸುಳ್ಳು ಯಂತ್ರವಲ್ಲ, ಧೂಳಿಗೆ ಒಳ್ಳೆಯ ಯಂತ್ರವೇ. ಆದರೆ ಅದಕ್ಕೆ ಸಿಗುವ ಕಣ ಒಂದು ಮೈಕ್ರಾನಿನ ಮೂರನೇ ಒಂದು ಭಾಗದಷ್ಟಾದರೂ ಇರಬೇಕು. ಕೊರೊನಾ ವೈರಸ್ ಹತ್ತನೇ ಒಂದು ಮೈಕ್ರಾನ್. ಕೆಮ್ಮಿನ ಹನಿಯೊಳಗೆ ಕುಳಿತು ಬಂದರೆ ಹನಿ ಕಾಣುತ್ತದೆ, ಒಳಗಿನವರು ಕಾಣುವುದಿಲ್ಲ. ಬಸ್ಸು ಬಂತು ಅಂತ ಗೊತ್ತಾಗುತ್ತದೆ, ಬಸ್ಸಿನಲ್ಲಿ ನಮ್ಮ ಬೀಗರು ಇದ್ದಾರೋ ಇಲ್ಲವೋ ತಿಳಿಯದು.

ಹುಡುಗನನ್ನು ಬೈಯುವುದರಲ್ಲಿ ಅರ್ಥವಿರಲಿಲ್ಲ. ಅವನಿಗೂ ಯಾರೋ ಹೇಳಿಕೊಟ್ಟದ್ದು. ಚಹಾ ಕುಡಿಸಿ ಕಳಿಸಿದೆವು. ನನಗೆ ಹತ್ತಿದ ಚಿಂತೆ ಬೇರೆ. ಅವನ ಡಬ್ಬಿಗೆ ಸಾಕ್ಷಿ ಹೇಳಿದ್ದು ನಾನು ಅಂಟಿಸಿದ ಸುದ್ದಿ. ಹಾಗಾದರೆ ಸುದ್ದಿಯೂ ಸುಳ್ಳೇ?

ಅಲ್ಲ. ಅದೇ ತೊಡಕು. ಸುದ್ದಿಯ ಮೂಲ ಸ್ವಿಟ್ಜರ್ಲೆಂಡಿನದು. ಝೂರಿಕ್‌ನ ಇಟಿಎಚ್ ಮತ್ತು ಎಂಪಾ ಸಂಸ್ಥೆಗಳ ಜಿಂಗ್ ವಾಂಗ್ ಅವರ ತಂಡ 2020ರ ಏಪ್ರಿಲ್‌ನಲ್ಲಿ ಎಸಿಎಸ್ ನ್ಯಾನೋ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ. ಗಾಜಿನ ಮೇಲೆ ಚಿನ್ನದ ಅತಿ ಸಣ್ಣ ದ್ವೀಪಗಳನ್ನು ಕೂರಿಸಿದ್ದಾರೆ. ಬೆಳಕು ಬಿದ್ದಾಗ ಚಿನ್ನದೊಳಗಿನ ಎಲೆಕ್ಟ್ರಾನುಗಳು ಒಂದು ಶ್ರುತಿಯಲ್ಲಿ ತೂಗುತ್ತವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಂಬೂರಿ ಮೀಟುವ ಹುಡುಗರಿಗೆ ಇದು ಬೇಗ ತಿಳಿದೀತು: ತಂತಿಗೆ ಒಂದು ಹನಿ ಮೇಣ ಅಂಟಿದರೂ ಸ್ವರ ಸ್ವಲ್ಪ ಇಳಿಯುತ್ತದೆ. ಹಾಗೆಯೇ ಚಿನ್ನದ ಮೇಲೆ ಏನಾದರೂ ಬಂದು ಕುಳಿತರೆ ಬೆಳಕಿನ ಶ್ರುತಿ ಬದಲಾಗುತ್ತದೆ. ಬಂದು ಕೂರಬೇಕಾದದ್ದು ಕೊರೊನಾ ವೈರಸ್ಸಿನ ಆರ್‌ಎನ್‌ಎ ಎಳೆಯೇ ಆಗಬೇಕಲ್ಲ, ಅದಕ್ಕೆ ಜೋಡಿಯಾಗುವ ಡಿಎನ್‌ಎ ಎಳೆಯನ್ನು ಮೊದಲೇ ಗಾಳದ ಹಾಗೆ ಚಿನ್ನಕ್ಕೆ ಕಟ್ಟಿರುತ್ತಾರೆ. ಹತ್ತಿರದ ಸಂಬಂಧಿ ವೈರಸ್ಸಿನ ಎಳೆಯೂ ಗಾಳಕ್ಕೆ ಬೀಳಬಹುದು. ಅದಕ್ಕೊಂದು ಉಪಾಯ: ಲೇಸರಿನಿಂದ ಚಿನ್ನವನ್ನು ಅಷ್ಟರಮಟ್ಟಿಗೆ ಬಿಸಿ ಮಾಡಿದರೆ ಪೂರ್ತಿ ಹೊಂದದ ಎಳೆ ಕಳಚಿಕೊಳ್ಳುತ್ತದೆ, ಹೊಂದಿದ್ದು ಉಳಿಯುತ್ತದೆ. 2003ರ ಸಾರ್ಸ್ ವೈರಸ್ಸನ್ನೂ 2019ರದ್ದನ್ನೂ ಹೀಗೆ ಬೇರೆ ಮಾಡಿ ತೋರಿಸಿದರು. ಬಹಳ ಚೆಂದದ ಕೆಲಸ. ಈಗ ಓದಿದರೂ ಖುಷಿಯಾಗುತ್ತದೆ.

ಆದರೆ ಆ ಎಳೆ ಬಂದದ್ದು ಗಾಳಿಯಿಂದ ಅಲ್ಲ, ದ್ರವದಿಂದ. ಇದನ್ನು ಆ ಸಂಸ್ಥೆಯೇ ತನ್ನ ಪ್ರಕಟಣೆಯಲ್ಲಿ ಒಪ್ಪಿಕೊಂಡಿತ್ತು. ಝೂರಿಕ್ ರೈಲು ನಿಲ್ದಾಣದ ಗಾಳಿಯಲ್ಲಿ ವೈರಸ್ ಎಷ್ಟಿದೆ ಅಂತ ಅಳೆಯುವ ಹಂತಕ್ಕೆ ಇದು ಇನ್ನೂ ಬಂದಿಲ್ಲ. ಗಾಳಿಯನ್ನು ಎಳೆದುಕೊಳ್ಳುವ, ಅದರೊಳಗಿನ ಹನಿಗಳನ್ನು ಒಟ್ಟುಗೂಡಿಸುವ, ವೈರಸ್ಸಿನ ಹೊಟ್ಟೆಯೊಳಗಿಂದ ಆರ್‌ಎನ್‌ಎ ಬಿಡಿಸುವ ವ್ಯವಸ್ಥೆ ಆಗಬೇಕಿದೆ ಎಂಬ ಮಾತು ಅಲ್ಲಿತ್ತು. ನಮ್ಮ ಪೇಪರಿನ ಆರು ಸಾಲಿನಲ್ಲಿ ಆ ಮಾತಿಲ್ಲ. ಝೂರಿಕ್‌ನ ಸ್ಟೇಷನ್ನಿಗೇ ಬಾರದ ಯಂತ್ರ ಕನ್ನಡಕ್ಕೆ ಬರುವಷ್ಟರಲ್ಲಿ ನಮ್ಮ ಕ್ಲಾಸ್‌ರೂಮಿನ ಬಾಗಿಲಿಗೆ ಬಂದು ನಿಂತಿತ್ತು.

ಸುದ್ದಿ ಸಂಕ್ಷೇಪ ಮಾಡುವಾಗ ಎಲ್ಲರೂ ಕತ್ತರಿಸುತ್ತಾರೆ, ನಿಜ. ನನ್ನ ತಕರಾರು ಯಾವುದನ್ನು ಕತ್ತರಿಸಿದರು ಎನ್ನುವುದರ ಬಗ್ಗೆ. ಬೆಳಕಿನ ಭಾಗ ಉಳಿಸಿ ಗಾಳಿಯ ಭಾಗ ಬಿಟ್ಟರು. ಕಷ್ಟ ಇರುವುದೇ ಗಾಳಿಯ ಭಾಗದಲ್ಲಿ. ಹಾಲಿನಲ್ಲಿ ನೀರು ಎಷ್ಟಿದೆ ಅಂತ ನೋಡುವುದು ಒಂದು, ಡಂಬಳದ ಕೆರೆಯಲ್ಲಿ ಯಾರೋ ಒಂದು ಹನಿ ಹಾಲು ಬಿಟ್ಟಿದ್ದಾರೋ ಅಂತ ನೋಡುವುದು ಇನ್ನೊಂದು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ರಾಜನ್ ಚಕ್ರವರ್ತಿ ಮತ್ತು ಸಂಗಡಿಗರು, 2023ರಲ್ಲಿ ನಿಜವಾಗಿ ಕೋಣೆಯ ಗಾಳಿಯಿಂದಲೇ ಕೊರೊನಾ ಹಿಡಿಯುವ ಯಂತ್ರ ಮಾಡಿ ತೋರಿಸಿದರು. ಅದು ನಿಮಿಷಕ್ಕೆ 1,000 ಲೀಟರ್ ಗಾಳಿ ಎಳೆದು, ಸುಳಿಯಾಗಿ ತಿರುಗಿಸಿ, ನೀರಿಗೆ ಇಳಿಸಿ, ಐದು ನಿಮಿಷದಲ್ಲಿ ಉತ್ತರ ಕೊಡುತ್ತದೆ. ಐದು ನಿಮಿಷಕ್ಕೆ 5,000 ಲೀಟರ್. ಸುಮ್ಮನೆ ಕುಳಿತ ಮನುಷ್ಯ ಅಷ್ಟು ಗಾಳಿ ಉಸಿರಾಡಲು ಅರ್ಧ ದಿನ ಬೇಕು. ಇಷ್ಟೆಲ್ಲ ಮಾಡಿದ ಅವರು ಕೊನೆಗೆ ವೈರಸ್ ಹಿಡಿಯಲು ಬೆಳಕನ್ನು ನೆಚ್ಚಲಿಲ್ಲ. ಲಾಮಾ ಎಂಬ ಪ್ರಾಣಿಯಿಂದ ಬಂದ ಪುಟ್ಟ ಪ್ರತಿಕಾಯವನ್ನು ವಿದ್ಯುತ್ ಕಡ್ಡಿಗೆ ಅಂಟಿಸಿದರು. ಅದರ ಹಿಡಿಯುವ ಶಕ್ತಿ ಶೇ 77ರಿಂದ 83. ಅಂದರೆ ವೈರಸ್ ಇರುವ ನೂರು ಸಲದಲ್ಲಿ ಹದಿನೇಳರಿಂದ ಇಪ್ಪತ್ಮೂರು ಸಲ ಯಂತ್ರ ಸುಮ್ಮನೆ ಇರುತ್ತದೆ.

ಈ ಶೇಕಡಾ ಲೆಕ್ಕದಲ್ಲಿ ನಮ್ಮ ಕನ್ನಡ ಇನ್ನೊಂದು ತಪ್ಪು ಮಾಡುತ್ತದೆ. ಎಲ್ಲವನ್ನೂ ‘ನಿಖರತೆ’ ಅಂತ ಒಂದೇ ಗೋಣಿಚೀಲಕ್ಕೆ ತುಂಬುತ್ತೇವೆ. ಇದ್ದದ್ದನ್ನು ಬಿಡದೆ ಹಿಡಿಯುವುದು ಒಂದು ಗುಣ. ಇಲ್ಲದಾಗ ಬೊಗಳದೆ ಇರುವುದು ಬೇರೆ ಗುಣ. ಹಾದಿಯಲ್ಲಿ ಹೋಗುವವರಿಗೆಲ್ಲ ಬೊಗಳುವ ನಾಯಿ ಕಳ್ಳನನ್ನೂ ಬಿಡುವುದಿಲ್ಲ, ಒಪ್ಪೋಣ. ಎಂಟನೇ ದಿನಕ್ಕೆ ಮನೆಯವರು ಏಳುವುದಿಲ್ಲ. ಸುದ್ದಿಯಲ್ಲಿ ಈ ಎರಡು ಅಂಕಿ ಬೇರೆ ಬೇರೆಯಾಗಿ ಇಲ್ಲದಿದ್ದರೆ ಅಂಕಿಯೇ ಇಲ್ಲದಂತೆ.

ಬೆಳಕಿನ ಮೇಲೆ ನನಗೆ ಸಿಟ್ಟೇನೂ ಇಲ್ಲ. 2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಅದು ಕೊರೊನಾ ಅಂತ ಖಚಿತವಾದದ್ದು 12ರಂದು. ದೇಶದ ಮೊದಲ ಕೊರೊನಾ ಸಾವು. ಮನುಷ್ಯ ಹೋದ ಮೇಲೆ ವರದಿ ಬಂತು. ಆಮೇಲೆ ಜಿಲ್ಲೆ ಜಿಲ್ಲೆಗೆ ಬಂದ ಟ್ರೂನ್ಯಾಟ್ ಯಂತ್ರ ಆ ಕಾಯುವಿಕೆಯನ್ನು ತಾಸಿನ ಲೆಕ್ಕಕ್ಕೆ ಇಳಿಸಿತು. ಅದರ ಹಿಂದಿನ ಸಂಶೋಧನೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನದು, ತಯಾರಿಕೆ ಗೋವಾದ ಮೋಲ್‌ಬಯೋದ್ದು. ಕ್ಷಯಕ್ಕೆ ಅಂತ ಇದ್ದದ್ದನ್ನು 2020ರ ಏಪ್ರಿಲ್‌ನಲ್ಲಿ ಐಸಿಎಂಆರ್ ಕೊರೊನಾಕ್ಕೂ ಒಪ್ಪಿತು. ಬ್ಯಾಟರಿ ಮೇಲೆ ನಡೆಯುತ್ತದೆ, ಒಳಗೆ ಚಿಪ್ಪಿನಲ್ಲಿ ಹೊಳೆಯುವ ಬೆಳಕನ್ನು ಓದಿಯೇ ಉತ್ತರ ಹೇಳುತ್ತದೆ. ಅದೂ ಬೆಳಕಿನ ಸೆನ್ಸರೇ. ಗೆದ್ದದ್ದು ಯಾಕೆ? ಗಾಳಿಯಲ್ಲಿ ಹುಡುಕು ಅಂತ ಅದಕ್ಕೆ ಯಾರೂ ಹೇಳಲಿಲ್ಲ. ಮೂಗಿನಿಂದ, ಗಂಟಲಿನಿಂದ ತೆಗೆದು ಕೈಗೆ ಕೊಟ್ಟರು. ಮತ್ತು ಉತ್ತರ ಬಂದ ಮೇಲೆ ಏನು ಮಾಡಬೇಕು ಅಂತ ಗೊತ್ತಿತ್ತು.

ಇದು ನನಗೆ ಹೊಳೆಸಿದ್ದು ನಮ್ಮ ಹೆಡ್ ಮಾಸ್ತರು. ಆವತ್ತು ಆ ಹುಡುಗನಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಕೆಂಪು ಹತ್ತಿದ ಮ್ಯಾಲೆ ನಾವು ಏನ್ ಮಾಡೂದಪಾ?"

"ಕಿಟಕಿ ಬಾಗಲಾ ತೆಗೀರಿ ಸರ."

"ಈಗಽ ತೆಗದ್ರ?"

ಪ್ಲೇಗಿನ ಕಾಲದ ಕಥೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. ಮಾಳಿಗೆಯಿಂದ ಇಲಿ ಬಿದ್ದು ಸತ್ತರೆ ಜನ ಡಂಗುರ ಕಾಯುತ್ತಿರಲಿಲ್ಲ, ಜೋಳದ ಚೀಲ, ಕೂಸು ಕುನ್ನಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರು. ಆ ಇಲಿಯೇ ಸೆನ್ಸರ್. ಬೀಳುವುದಕ್ಕೂ ಊರು ಬಿಡುವುದಕ್ಕೂ ನಡುವೆ ಯಾವ ಮೀಟಿಂಗೂ ಇರಲಿಲ್ಲ. ನಮ್ಮ ಸುದ್ದಿಗಳಲ್ಲಿ ಇಲಿ ಬೀಳುತ್ತದೆ, ಅಲ್ಲಿಗೆ ಸುದ್ದಿ ಮುಗಿಯುತ್ತದೆ.

ಗಾಳಿಯನ್ನು ಬೆಳಕಿನಿಂದ ನೋಡುವ ಆಸೆ ಹೊಸದೂ ಅಲ್ಲ. ನಮ್ಮ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಬಿಸಿಲ ಕೋಲು ಇಳಿಯುತ್ತಿತ್ತಲ್ಲ, ಅದರಲ್ಲಿ ಧೂಳು ಕುಣಿಯುವುದನ್ನು ನೋಡುತ್ತಾ ಮಲಗದ ಹುಡುಗರು ಯಾರು? ಜಾನ್ ಟಿಂಡಲ್ ಲಂಡನ್ನಿನಲ್ಲಿ 1870ರ ಜನವರಿಯಲ್ಲಿ ಧೂಳು ಮತ್ತು ರೋಗದ ಬಗ್ಗೆ ಭಾಷಣ ಮಾಡಿದ್ದು ಇಂಥದೇ ಬೆಳಕಿನ ಕೋಲು ಇಟ್ಟುಕೊಂಡು. ಮುಂದೆ ಆತ ಪೆಟ್ಟಿಗೆಯೊಳಗೆ ಧೂಳೆಲ್ಲ ಕುಳಿತು ಬೆಳಕಿನ ಕೋಲೇ ಕಾಣದಂತಾದ ಮೇಲೆ ಮಾಂಸದ ಸಾರು ಇಟ್ಟರೆ ಅದು ಕೆಡುವುದಿಲ್ಲ ಅಂತ ತೋರಿಸಿದ. ಅದೇ ಟಿಂಡಲ್ 1859ರಿಂದ ಇನ್ನೊಂದು ಕೆಲಸವನ್ನೂ ಮಾಡಿದ್ದ: ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣದ ಶಾಖದ ಬೆಳಕನ್ನು ನುಂಗುತ್ತದೆ ಎನ್ನುವುದನ್ನು ಅಳೆದದ್ದು.

ನಮಗೆ ಬೇಕಾದ ಬೆಳಕಿನ ಸೆನ್ಸರ್ ಈ ಎರಡನೇ ಕೆಲಸದ ಮೊಮ್ಮಗ. ಅಂಗೈ ಅಗಲದ ಮೀಟರು, ನಾಲ್ಕೈದು ಸಾವಿರ ರೂಪಾಯಿ. ಒಳಗೊಂದು ಇನ್‌ಫ್ರಾರೆಡ್ ದೀಪ, ಎದುರಿಗೆ ಅದನ್ನು ನೋಡುವ ಕಣ್ಣು, ನಡುವೆ ಕೋಣೆಯ ಗಾಳಿ. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದಷ್ಟು 4.26 ಮೈಕ್ರಾನಿನ ಬೆಳಕು ಕಡಿಮೆ ಮುಟ್ಟುತ್ತದೆ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ, ನಮ್ಮ ಎದೆಯಿಂದ ಹೊರಬೀಳುವುದರಲ್ಲಿ ಸುಮಾರು 40,000. ಆದ್ದರಿಂದ ಕೋಣೆಯ ಅಂಕಿ ನೋಡಿದರೆ ಒಬ್ಬರ ಉಸಿರು ಇನ್ನೊಬ್ಬರು ಎಷ್ಟು ಎಳೆಯುತ್ತಿದ್ದೇವೆ ಅಂತ ಲೆಕ್ಕ ಹಾಕಬಹುದು. ವೈರಸ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ, ಗೊತ್ತಿದೆ ಅಂತ ಅದು ಹೇಳುವುದೂ ಇಲ್ಲ. ಗ್ಯಾಸ್ ಒಲೆ ಹಚ್ಚಿದರೆ ಅಲ್ಲೂ ಏರುತ್ತದೆ, ಅಡಿಗೆಮನೆಯಲ್ಲಿ ನಂಬಬೇಡಿ. ಕೊಳ್ಳುವವರಿಗೆ ಒಂದು ಮಾತು: ಹತ್ತಿರ ಸ್ಯಾನಿಟೈಸರ್ ಹಿಡಿಯಿರಿ. ಅಂಕಿ ಒಮ್ಮೆಲೇ ಹಾರಿದರೆ ಅದು ಬೆಳಕಿನ ಮೀಟರಲ್ಲ, ವಾಸನೆಗೆ ಬೆಚ್ಚುವ ಅಗ್ಗದ ಸರಕು, ವಾಪಸ್ ಮಾಡಿ.

ಒಂದನ್ನು ನನ್ನ ದುಡ್ಡಿನಲ್ಲೇ ತರಿಸಿದೆ. ಚಳಿಗಾಲದ ಬೆಳಗ್ಗೆ ಲಕ್ಷ್ಮೇಶ್ವರದಿಂದ ಗದಗಿಗೆ ಹೋಗುವ ಬಸ್ಸು, ಗಾಜೆಲ್ಲ ಮುಚ್ಚಿ, ನಿಂತವರೇ ಅರ್ಧ. ಅಂಕಿ 2,000 ದಾಟಿತು. ಲೆಕ್ಕ ಹಾಕಿದರೆ ಇಪ್ಪತ್ತೈದು ಉಸಿರಿನಲ್ಲಿ ಒಂದು ಉಸಿರು ಬೇರೆಯವರ ಎದೆಯಲ್ಲಿ ಹೋಗಿ ಬಂದದ್ದು. ಪಕ್ಕದ ಹಿರಿಯರೊಬ್ಬರು "ಅದೇನ್ರೀ, ಮೊಬೈಲೇನು?" ಅಂದರು. ವಿವರಿಸಿದೆ. ಮುಖ ಕಿವುಚಿ ಗಾಜು ಸರಿಸಿದರು. ಹಿಂದಿನ ಸೀಟಿನ ಹೆಣ್ಣುಮಗಳು ಕೂಸಿಗೆ ಥಂಡಿ ಹತ್ತತೈತಿ ಮುಚ್ಚರಿ ಅಂದಳು. ಮುಚ್ಚಿದರು. ಅವಳದೂ ನ್ಯಾಯವೇ.

ನಮ್ಮ ಜಿಲ್ಲೆಗೆ ಗಾಳಿಯ ಅಭಿಮಾನ ಜಾಸ್ತಿ. ಕಪ್ಪತಗುಡ್ಡದ ಗಾಳಿಯ ಬಗ್ಗೆ ಮುಂಡರಗಿಯ ಯಾರನ್ನು ಕೇಳಿದರೂ ಅರ್ಧ ತಾಸು ಹೇಳುತ್ತಾರೆ, ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿವೆ. ಗದಗಿನ ಪಂಚಾಲ ನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರವೂ ಇದೆ; ಅದರ ಅಂಕಿ ಹಿಡಿದು ದೇಶದ ಶುದ್ಧ ಗಾಳಿಯ ಊರುಗಳಲ್ಲಿ ಗದಗ ಅಂತ ಆಗಾಗ ಸುದ್ದಿಯಾಗುತ್ತದೆ. ಓದಿದಾಗ ನನಗೂ ಎದೆಯುಬ್ಬುತ್ತದೆ, ಸುಳ್ಳೇಕೆ. ಆದರೆ ಆ ಕೇಂದ್ರ ಅಳೆಯುವುದು ಬಯಲಿನ ಧೂಳು ಹೊಗೆಯನ್ನು. ಅದೇ ಊರಿನ ಟ್ಯೂಷನ್ ಕೋಣೆಯ ಒಳಗೆ ಅರವತ್ತು ಮಕ್ಕಳ ಉಸಿರು ಏನಾಗಿದೆ ಅಂತ ಅದನ್ನು ಕೇಳಿದರೆ ಏನು ಹೇಳೀತು?

ಕಿಟಕಿ ತೆರೆಯಿರಿ ಅಂತ ಬರೆಯುವುದು ಸುಲಭ, ಇದನ್ನೂ ಹೇಳಬೇಕು. ಬೆಟಗೇರಿಯಲ್ಲಿ ನಮ್ಮ ಮಾವನವರ ಮನೆಯಲ್ಲಿ ಕುಣಿ ಮಗ್ಗ ಇತ್ತು. ಒಣಗಾಳಿ ಬೀಸಿದರೆ ಎಳೆ ಪಟ್ ಅಂತ ಹರಿಯುತ್ತದೆ ಅಂತ ಹಗಲೆಲ್ಲ ಕಿಟಕಿ ಮುಚ್ಚಿಯೇ ನೇಯುತ್ತಿದ್ದರು. ಎಳೆ ಹರಿದರೆ ಕೂಲಿ ಹರಿದ ಹಾಗೆ. ಅಂಥ ಮನೆಗೆ ಹೋಗಿ ಮೀಟರು ತೋರಿಸಿ ಗಾಳಿಯಾಡಲಿ ಅನ್ನುವ ಧೈರ್ಯ ನನಗಿಲ್ಲ. ಅಲ್ಲಿಗೆ ಬೇಕಾದದ್ದು ಮೇಲೆ ಗವಾಕ್ಷಿಯೋ, ಗಾಳಿ ಸೋಸುವ ಫ್ಯಾನೋ, ಅದಕ್ಕೆ ದುಡ್ಡು ಯಾರು ಕೊಡಬೇಕು ಎನ್ನುವ ಮಾತೋ. ಸೆನ್ಸರ್ ಸುದ್ದಿಯ ಆರು ಸಾಲಿನಲ್ಲಿ ಇಂಥ ಮನೆಗಳೇ ಇಲ್ಲ, ಬರೀ ಏರ್‌ಪೋರ್ಟು, ಮಾಲು.

ಇಷ್ಟು ಬೆಳೆಸುತ್ತಿರುವುದಕ್ಕೆ ನನ್ನದೊಂದು ಕಾರಣ ಇದೆ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಅಂತ ಖಡಾಖಂಡಿತವಾಗಿ ಟ್ವೀಟ್ ಮಾಡಿತ್ತು. ಅದು ಒಪ್ಪಿಕೊಳ್ಳಲು ವರ್ಷ ಹಿಡಿಯಿತು. ಅಷ್ಟರಲ್ಲಿ ನಾವು ರಸ್ತೆಗೆ ಔಷಧ ಹೊಡೆದೆವು, ತರಕಾರಿ ತೊಳೆದೆವು, ಕೈ ತಿಕ್ಕಿ ತಿಕ್ಕಿ ಚರ್ಮ ಕಿತ್ತುಕೊಂಡೆವು. 2021ರ ಏಪ್ರಿಲ್‌ನಲ್ಲಿ ಒಂದು ಹಾಲ್‌ನಲ್ಲಿ ನಡೆದ ಸಭೆಗೆ ನಾನೂ ನಮ್ಮ ಪಿಟಿ ಮಾಸ್ತರೂ ಹೋಗಿದ್ದೆವು. ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿದರು, ಹಣೆಗೆ ಗನ್ನು ಹಿಡಿದರು. ಅದೂ ಬೆಳಕಿನ ಸೆನ್ಸರೇ, ಹಣೆಯ ಶಾಖ ಓದುವಂಥದು. ಹಸಿರು ತೋರಿಸಿತು, ಒಳಗೆ ಬಿಟ್ಟರು. ಸೆಕೆ ಅಂತ ಎಸಿ ಹಾಕಿ ಕಿಟಕಿ ಮುಚ್ಚಿ ನಾಲ್ಕು ತಾಸು ಕೂಡಿಸಿದರು. ಹನ್ನೆರಡು ದಿನಕ್ಕೆ ಪಿಟಿ ಮಾಸ್ತರು ಹೋದರು. ಅಲ್ಲಿಯೇ ತಗುಲಿತು ಅಂತ ಹೇಳಲು ನನ್ನ ಹತ್ತಿರ ಯಾವ ಸಾಕ್ಷಿಯೂ ಇಲ್ಲ. ಹಸಿರು ತೋರಿಸಿತಲ್ಲ ಅಂತ ನಾವಿಬ್ಬರೂ ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡದ್ದು ಮಾತ್ರ ನೆನಪಿದೆ. ನನ್ನ ಕಟಿಂಗ್ ಆಗ ಬೋರ್ಡಿನ ಮೇಲೇ ಇತ್ತು.

₹40,000ದಲ್ಲಿ ಏನು ಮಾಡಿದಿರಿ ಅಂತ ಹಳೆಯ ವಿದ್ಯಾರ್ಥಿಗಳು ಕೇಳಿದ್ದಾರೆ. ನಮ್ಮ ಶಾಲೆಯ ಹನ್ನೆರಡು ಕಿಟಕಿಗಳಲ್ಲಿ ಐದು ತುಕ್ಕು ಹಿಡಿದು ಕೂತಿದ್ದವು, ಎರಡಕ್ಕೆ ಯಾರೋ ಮಳೆಗಾಲದಲ್ಲಿ ಹಲಗೆ ಬಡಿದು ಮೊಳೆ ಹೊಡೆದಿದ್ದರು. ಲಕ್ಷ್ಮೇಶ್ವರದಿಂದ ವೆಲ್ಡಿಂಗ್‌ನವರನ್ನು ಕರೆಸಿ ಏಳನ್ನೂ ಬಿಡಿಸಿದೆವು. ಗೋಡೆಯ ಮೇಲ್ಭಾಗದಲ್ಲಿ ಎರಡು ಎಕ್ಸಾಸ್ಟ್ ಫ್ಯಾನ್. ಆಷಾಢದ ಗಾಳಿಗೆ ಎರಿ ಹೊಲದ ಧೂಳು ನುಗ್ಗಿ ಪುಸ್ತಕವೆಲ್ಲ ಮಣ್ಣಾಗುತ್ತದೆ ಅಂತ ಸೊಳ್ಳೆ ಪರದೆಯ ಜಾಳಿಗೆ. ಉಳಿದ ದುಡ್ಡಿನಲ್ಲಿ ಇನ್ನೊಂದು ಮೀಟರು. ಅದನ್ನು ನೋಡಿ ಬರೆಯುವ ಪಾಳಿ ಒಂಬತ್ತನೇ ಕ್ಲಾಸಿನವರದು. ಅಂಕಿ 1,000 ದಾಟಿದರೆ ಪಾಠ ನಡೆದಾಗಲೂ ಎದ್ದು ಬಾಗಿಲು ತೆರೆಯಬಹುದು, ಮಾಸ್ತರ ಪರವಾನಗಿ ಬೇಡ. ಈ ನಿಯಮದ ದುರುಪಯೋಗ ಆಗುತ್ತಿದೆ ಅಂತ ಗಣಿತದ ಮೇಡಂ ದೂರಿದ್ದಾರೆ.

ಕಟಿಂಗ್ ಕಿತ್ತುಬಿಡೋಣ ಅಂತ ಹೋದೆ. ನಾಲ್ಕು ವರ್ಷದ ಅಂಟು, ಬರಲಿಲ್ಲ. ಬಿಟ್ಟೆ. ಕೆಳಗೆ ಒಂದು ಹಾಳೆ ಹಚ್ಚಿ, ಈ ಸುದ್ದಿಯಲ್ಲಿ ಏನೇನು ಇಲ್ಲ ಹುಡುಕಿ ಬರೆಯಿರಿ ಅಂತ ಮಕ್ಕಳಿಗೆ ಹೇಳಿದೆ. ಮೊದಲ ದಿನ ಯಾರೂ ಬರೆಯಲಿಲ್ಲ. ಮರುದಿನ ಎಂಟನೇ ಕ್ಲಾಸಿನ ಯಾರದೋ ಗುಂಡಗಿನ ಅಕ್ಷರದಲ್ಲಿ ಒಂದು ಸಾಲು ಇತ್ತು: "ಸರ, ಗಾಳಿ ಎಳಕೊಳ್ಳೋ ಪಂಪ್ ಚಿತ್ರದಾಗ ಎಲ್ಲೈತ್ರಿ?"